ಎಲೆಯ ಬೆನ್ನು ತಿರುಗಿಸಿ ನೋಡಿ

(ಓದುಗರ ಪ್ರಶ್ನೆಗಳಿಗೆ ಧಾರವಾಡದ ಒಡವೆ ಕುಶಲಕರ್ಮಿಯೊಬ್ಬರ ಉತ್ತರ)

ಧಾರವಾಡದ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ಬೆಳ್ಳಿ, ತಾಮ್ರ ಮತ್ತು ಸುಟ್ಟ ಮಣ್ಣಿನಿಂದ ಎಲೆ, ಹೂ, ಕಾಯಿಗಳ ಆಕಾರದ ಒಡವೆ ಮಾಡುತ್ತೇನೆ. ಬೆಸುಗೆ, ಅರ ಹಿಡಿಯುವುದು, ಕಂಬಿ ಎಳೆಯುವುದು ಇವನ್ನೆಲ್ಲ ನಮ್ಮೂರಿನ ಹಿರಿಯ ಪತ್ತಾರರೊಬ್ಬರ (ಅಕ್ಕಸಾಲಿಗರ) ಅಂಗಡಿಯಲ್ಲಿ ಕುಳಿತು ಕಲಿತವಳು ನಾನು. ಈ ಕೆಲಸದ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಸಂಪಾದಕರು ಓದುಗರನ್ನು ಕೇಳಿದ್ದರು. ಒಂದೇ ಬಗೆಯ ಪತ್ರಗಳನ್ನು ಸೇರಿಸಿಕೊಂಡು ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಜಾತ್ರೆಯಲ್ಲಿ ‘ಜರ್ಮನ್ ಸಿಲ್ವರ್’ ಎಂದು ಹೇಳಿ ಕೊಟ್ಟ ಎಲೆಯಾಕಾರದ ಓಲೆ ಹಾಕಿಕೊಂಡೆ. ಕಿವಿ ಕೆಂಪಾಗಿ ನೀರು ಒಸರತೊಡಗಿತು. ಬೆಳ್ಳಿ ನನ್ನ ಮೈಗೆ ಒಗ್ಗುವುದಿಲ್ಲವೇ?
– ಗೃಹಿಣಿ, ಉಣಕಲ್, ಹುಬ್ಬಳ್ಳಿ

ಬೆಳ್ಳಿಯ ಮೇಲೆ ತಪ್ಪು ಹೊರಿಸಬೇಡಿ. ಆ ಓಲೆಯಲ್ಲಿ ಬೆಳ್ಳಿಯೇ ಇಲ್ಲ. ಜರ್ಮನ್ ಸಿಲ್ವರ್ ಎಂಬುದು ತಾಮ್ರ, ನಿಕ್ಕಲ್, ಸತು ಬೆರೆಸಿದ ಲೋಹ. ನೋಡಲು ಬೆಳ್ಳಗಿರುತ್ತದೆ, ಅಷ್ಟೇ. ತುರಿಕೆ ತರುವುದು ಬಹುಮಟ್ಟಿಗೆ ಅದರೊಳಗಿನ ನಿಕ್ಕಲ್. ಒಮ್ಮೆ ಚರ್ಮಕ್ಕೆ ನಿಕ್ಕಲ್ ಆಗದಂತಾದರೆ ಆ ಗುಣ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆದ್ದರಿಂದ ಮೊದಲು ಚರ್ಮದ ವೈದ್ಯರಿಗೆ ಕಿವಿ ತೋರಿಸಿ. ಗಾಯ ಒಣಗುವವರೆಗೆ ಏನನ್ನೂ ಹಾಕಿಕೊಳ್ಳಬೇಡಿ. ಆಮೇಲೆ ಕೊಳ್ಳುವಾಗ ಓಲೆಯ ಮುಖವನ್ನಷ್ಟೇ ನೋಡದೆ, ಕಿವಿಯೊಳಗೆ ಹೋಗುವ ಕಡ್ಡಿ ಯಾವುದರದ್ದು ಎಂದು ಕೇಳಿ. ನಾನು ಓಲೆಯನ್ನು ತಾಮ್ರದಲ್ಲಿ ಮಾಡಿದರೂ ಕಡ್ಡಿಗೆ 92.5 ಬೆಳ್ಳಿಯನ್ನೇ ಬಳಸುತ್ತೇನೆ. ಅಂದರೆ ನೂರು ಪಾಲಿನಲ್ಲಿ ತೊಂಬತ್ತೆರಡೂವರೆ ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಪ್ಪಟ ಬೆಳ್ಳಿ ತೀರ ಮೆತ್ತಗೆ, ಕಡ್ಡಿ ಬಾಗಿಬಿಡುತ್ತದೆ. ಅದಕ್ಕಾಗಿಯೇ ತಾಮ್ರ ಕೂಡಿಸುವುದು. ಮಾರುವವರು ‘ಇದರಲ್ಲಿ ಏನೇನಿದೆ’ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡದಿದ್ದರೆ ಒಡವೆಯನ್ನು ಅಲ್ಲಿಯೇ ಇಟ್ಟು ಬನ್ನಿ.

ಪ್ರಶ್ನೆ: ಅಕ್ಕ, ಮಗಳು ಮದುವೆಯಾಗಿ ಹೊರರಾಜ್ಯಕ್ಕೆ ಹೋಗಿದ್ದಾಳೆ. ಅಲ್ಲಿ ದಸರೆಗೆ ಬನ್ನಿ ಸಿಗುವುದಿಲ್ಲವೆಂದು ಫೋನಿನಲ್ಲಿ ಅತ್ತಳು. ನಮ್ಮೂರ ಬನ್ನಿ ಎಲೆಯನ್ನೇ ಬೆಳ್ಳಿಯಲ್ಲಿ ಅದ್ದಿ ಪದಕ ಮಾಡಿ ಕಳುಹಿಸಲು ಆಗುತ್ತದೆಯೇ?
– ತಾಯಿ, ಹಳೇ ಹುಬ್ಬಳ್ಳಿ

ಈ ಪತ್ರವನ್ನು ಹಲವು ಬಾರಿ ಓದಿದೆ. ವಿಜಯದಶಮಿಯ ಸಂಜೆ ಹಿರಿಯರ ಕೈಗೆ ಬನ್ನಿ ಕೊಟ್ಟು ಕಾಲಿಗೆ ನಮಸ್ಕರಿಸಿ ‘ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ’ ಎನ್ನುವ ನಾಡು ನಮ್ಮದು. ಅಂದು ಒಂದು ದಿನದ ಮಟ್ಟಿಗೆ ಎಲೆಯೇ ಬಂಗಾರ, ಬಡವರ ಕೈಯಲ್ಲಿಯೂ ಅಷ್ಟೇ, ಉಳ್ಳವರ ಕೈಯಲ್ಲಿಯೂ ಅಷ್ಟೇ. ಒಡವೆ ಮಾಡುವವಳಿಗೆ ಇದಕ್ಕಿಂತ ದೊಡ್ಡ ಬೇಡಿಕೆ ಬರುವುದಿಲ್ಲ.

ಆದರೆ ಎಲೆಯನ್ನು ಬೆಳ್ಳಿಯಲ್ಲಿ ಅದ್ದಲು ಬರುವುದಿಲ್ಲ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಅದರ ಹತ್ತಿರ ಹೋಗುವ ಮೊದಲೇ ಎಲೆ ಬೂದಿ. ‘ನಿಜವಾದ ಎಲೆ, ಬೆಳ್ಳಿಯಲ್ಲಿ ಅದ್ದಿದ್ದು’ ಎಂದು ಮಾರುವುದು ಹೆಚ್ಚಾಗಿ ಗಿಲೀಟು. ಎಲೆಗೆ ಮೊದಲು ವಾರ್ನಿಶ್ ಬಳಿದು, ಒಣಗಿದ ಮೇಲೆ ವಿದ್ಯುತ್ ಹರಿಯುವಂಥ ಗ್ರಾಫೈಟ್ ಬಣ್ಣ ಹಚ್ಚಿ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಗಂಧಕಾಮ್ಲದ ದ್ರಾವಣದಲ್ಲಿ ಇಳಿಬಿಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ. ಗಂಟೆಗಟ್ಟಲೆ ಕಾದರೆ ಎಲೆಯ ಮೇಲೆ ತಾಮ್ರ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಬೆಳ್ಳಿಯ ತೆಳು ಲೇಪ. ಕೆಲಸ ಚೆನ್ನಾಗಿಯೇ ಇರಬಹುದು, ನಾನು ಹಳಿಯುವುದಿಲ್ಲ. ಆದರೆ ಅದು ತಾಮ್ರದ ಒಡವೆ ಎಂದು ಹೇಳಿ ಮಾರಬೇಕು. ಎಲೆ ಪೂರ್ತಿ ಒಣಗಿರದಿದ್ದರೆ ಒಳಗೆ ತೇವ ಉಳಿದು ಕೆಲವು ಕಾಲದ ಮೇಲೆ ಕಲೆ ಎದ್ದುಬರುತ್ತದೆ.

ಇನ್ನೊಂದು ದಾರಿ ಎರಕ. ಎಲೆಯನ್ನು ಅಚ್ಚಿನ ಗಾರೆಯಲ್ಲಿ ಹುದುಗಿಸಿ, ಭಟ್ಟಿಯಲ್ಲಿ ಸುಟ್ಟು, ಅದು ಬಿಟ್ಟುಹೋದ ಟೊಳ್ಳಿನಲ್ಲಿ ಬೆಳ್ಳಿ ಹೊಯ್ಯುವುದು. ದಪ್ಪ ಎಲೆಗೆ, ಕಾಯಿಗೆ, ಸಣ್ಣ ಕೊಂಬೆಗೆ ಇದು ಒಪ್ಪುತ್ತದೆ. ಬನ್ನಿಯ ಎಲೆ ತೀರ ಸಣ್ಣದು, ತೆಳುವು. ಬೆನ್ನಿಗೆ ಮೇಣ ಸವರಿ ದಪ್ಪ ಮಾಡದಿದ್ದರೆ ಬೆಳ್ಳಿ ತುದಿಯವರೆಗೆ ಹರಿಯುವುದೇ ಇಲ್ಲ. ಮೇಣ ಸವರಿದರೆ ಬನ್ನಿಯ ನಾಜೂಕು ಹೋಯಿತು.

ಆದ್ದರಿಂದ ನಿಮ್ಮ ಮಗಳ ಪದಕವನ್ನು ಕೈಯಿಂದಲೇ ಮಾಡುತ್ತೇನೆ. ಬನ್ನಿಯ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಎರಡು ಜೊತೆ ಕವಲು, ಒಂದೊಂದು ಕವಲಿನಲ್ಲಿ 7ರಿಂದ 14 ಜೊತೆ ಕಿರುಎಲೆ. ಅರ್ಧ ಮಿಲಿಮೀಟರ್ ದಪ್ಪದ ಬೆಳ್ಳಿ ತಗಡಿನ ಮೇಲೆ ಬರೆದುಕೊಂಡು ಕೂದಲಿನಷ್ಟು ಸಣ್ಣ ಗರಗಸದಿಂದ ಕವಲುಗಳನ್ನು ಕತ್ತರಿಸುತ್ತೇನೆ. ಕಿರುಎಲೆಗಳನ್ನು ಒಂದೊಂದಾಗಿ ಬೆಸೆದರೆ ಚೆಂದ ಹೆಚ್ಚು, ಆದರೆ ದಿನಾ ಹಾಕುವ ಪದಕ ಸೆರಗಿಗೆ ಸಿಕ್ಕಿಕೊಳ್ಳಬಾರದು. ಹಾಗಾಗಿ ಹಿಂದೆ ಒಂದು ತೆಳು ತಗಡು ಕೂರಿಸುತ್ತೇನೆ. ನಡುವಿನ ಕಡ್ಡಿ ಎಳೆದ ಕಂಬಿ. ಬನ್ನಿಯ ಕಡ್ಡಿಯಲ್ಲಿ ಮುಳ್ಳಿದೆ. ಅದನ್ನು ಬಿಡುವುದಿಲ್ಲ, ಚುಚ್ಚದಂತೆ ಮೊನೆಯನ್ನು ಉರುಟು ಮಾಡಿ ಉಳಿಸುತ್ತೇನೆ. ಹೊರರಾಜ್ಯದಲ್ಲಿ ಯಾರಾದರೂ ಇದು ಯಾವ ಎಲೆ ಎಂದು ಕೇಳಿದರೆ ಆ ಹುಡುಗಿ ಮುಳ್ಳನ್ನು ತೋರಿಸಿ ಬನ್ನಿ ಎಂದು ಹೇಳಲಿ.

ನಿಮ್ಮೂರ ಗಿಡದ ಒಂದು ಕಡ್ಡಿಯನ್ನು ದಿನಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಅಂಚೆಯಲ್ಲಿ ಕಳುಹಿಸಿ. ಒಂದೇ ಕಡ್ಡಿ ಸಾಕು. ದಸರೆಯ ದಿನ ಟೊಂಗೆಗಟ್ಟಲೆ ಮುರಿದು ಗಿಡವನ್ನು ಬೋಳು ಮಾಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ನಮ್ಮ ಹೊಲದ ಎರೆಮಣ್ಣಿನಲ್ಲಿ ಮಣಿ ಮಾಡಿದೆ. ಒಣಗುವಾಗಲೇ ಬಿರುಕು ಬಿಟ್ಟವು. ಸುಟ್ಟ ನಾಲ್ಕಾರು ಮಣಿಗಳಲ್ಲಿ ಕೆಲವು ದಿನಗಳ ಮೇಲೆ ಚಕ್ಕೆ ಎದ್ದವು. ಏಕೆ?
– ಅಣ್ಣಿಗೇರಿ

ತಂಗಿ, ಎರೆಹೊಲ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆ ಎಂದು ನೀನು ಚಿಕ್ಕಂದಿನಿಂದ ನೋಡಿದ್ದೀಯ. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು ಆ ಮಣ್ಣಿನ ಗುಣ. ಮಣಿಯಲ್ಲಿಯೂ ಅದೇ ನಡೆಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತಿಗೆ ಬಿರುಕು ಬಿದ್ದರೆ ಯಾರೂ ಲೆಕ್ಕಿಸುವುದಿಲ್ಲ, ಅದು ಪೂಜೆ ಮುಗಿದ ಮೇಲೆ ನೀರಿಗೆ ಹೋಗುತ್ತದೆ. ಕೊರಳಿಗೆ ಹಾಕುವ ಮಣಿಗೆ ಹಾಗಾಗಬಾರದು. ಸುಟ್ಟ ಹೆಂಚಿನ ಅಥವಾ ಮಡಕೆಯ ಚೂರುಗಳನ್ನು ಕುಟ್ಟಿ ಜರಡಿ ಹಿಡಿದ ನುಣ್ಣನೆಯ ಪುಡಿಯನ್ನು ಮಣ್ಣಿಗೆ ಬೆರೆಸು. ಐದು ಪಾಲು ಮಣ್ಣಿಗೆ ಒಂದು ಪಾಲಿನಿಂದ ಪ್ರಾರಂಭಿಸಿ, ಬಿರುಕು ನಿಲ್ಲುವವರೆಗೆ ಹೆಚ್ಚಿಸುತ್ತಾ ಹೋಗು. ಕೆರೆಯ ಕೆಂಪು ಜೇಡಿ ಸಿಕ್ಕರೆ ಅರ್ಧಕ್ಕರ್ಧ ಬೆರೆಸಿದರೂ ಒಳ್ಳೆಯದು. ನೆರಳಿನಲ್ಲಿ, ಗಾಳಿ ನೇರವಾಗಿ ಬೀಸದ ಜಾಗದಲ್ಲಿ ನಿಧಾನವಾಗಿ ಒಣಗಿಸಬೇಕು.

ಚಕ್ಕೆ ಏಳುವುದಕ್ಕೆ ಕಾರಣ ಬೇರೆ. ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ಬೆಂಕಿಯಲ್ಲಿ ಅವು ಸುಟ್ಟ ಸುಣ್ಣವಾಗುತ್ತವೆ. ಆಮೇಲೆ ಗಾಳಿಯ ತೇವ ಹೀರಿ ಅರಳಿದಾಗ ಮೇಲಿನ ಮಣ್ಣನ್ನು ಚಿಮ್ಮಿ ಒಡೆಯುತ್ತವೆ. ಅದಕ್ಕೆ ಮದ್ದು ಒಂದೇ: ಮಣ್ಣನ್ನು ನೀರಿನಲ್ಲಿ ಕದಡಿ, ತೆಳು ಬಟ್ಟೆಯಲ್ಲಿ ಸೋಸಿ, ಕೆಳಗೆ ಕೂತ ಗಸಿಯನ್ನು ಮಾತ್ರ ಬಳಸುವುದು. ಮಣಿಯ ರಂಧ್ರವನ್ನು ಹಸಿಯಿರುವಾಗಲೇ, ನಿನಗೆ ಬೇಕಾದ್ದಕ್ಕಿಂತ ತುಸು ದೊಡ್ಡದಾಗಿ ಮಾಡು. ಕುಗ್ಗಿದ ಮೇಲೆ ದಾರ ತೂರದಿದ್ದರೆ ಎಲ್ಲ ಶ್ರಮ ವ್ಯರ್ಥ.

ಪ್ರಶ್ನೆ: ಕಪ್ಪತಗುಡ್ಡದ ಕಡೆ ಗುಲಗಂಜಿ ಬಹಳ ಸಿಗುತ್ತದೆ. ರಂಧ್ರ ಕೊರೆದು ಮೊಮ್ಮಗಳಿಗೆ ಸರ ಪೋಣಿಸಬೇಕೆಂದಿದ್ದೇನೆ. ಬಣ್ಣ ಮಾಸದಂತೆ ಏನು ಹಚ್ಚಬೇಕು?
– ನಿವೃತ್ತ ಶಿಕ್ಷಕರು, ಮುಂಡರಗಿ

ಗುರುಗಳೇ, ದಯವಿಟ್ಟು ಬೇಡ. ಏನೂ ಹಚ್ಚಬೇಡಿ, ಕೊರೆಯಲೂ ಬೇಡಿ. ಗುಲಗಂಜಿಯೊಳಗೆ ಅಬ್ರಿನ್ ಎಂಬ ಭಯಂಕರ ವಿಷವಿದೆ. ಅದಕ್ಕೆ ಪ್ರತಿವಿಷವಿಲ್ಲ. ಮೇಲಿನ ಗಟ್ಟಿ ಸಿಪ್ಪೆ ಇಡಿಯಾಗಿ ಇರುವವರೆಗೆ ವಿಷ ಒಳಗೇ ಇರುತ್ತದೆ, ರಂಧ್ರ ಕೊರೆದ ಕ್ಷಣದಿಂದ ಆ ಕಾವಲು ಹೋಯಿತು. ಕೊರೆಯುವಾಗ ಏಳುವ ಪುಡಿ ನಿಮಗೂ ಅಪಾಯ. ಮಕ್ಕಳು ಸರವನ್ನು ಬಾಯಿಗೆ ಹಾಕುತ್ತಾರೆ, ಒಂದೇ ಬೀಜ ಅಗಿದು ನುಂಗಿದರೂ ಜೀವಕ್ಕೆ ಕುತ್ತು ಬರಬಹುದು. ಪತ್ತಾರರು ತಲೆಮಾರುಗಳಿಂದ ಗುಲಗಂಜಿಯನ್ನು ತಕ್ಕಡಿಯಲ್ಲಿ ತೂಕಕ್ಕೆ ಇಟ್ಟರು. ಅಲ್ಲಿ ಅದು ಇಡಿಯಾಗಿಯೇ ಇತ್ತು.

ಅದೇ ಕೆಂಪು ಬೇಕಿದ್ದರೆ ಮಂಜಟ್ಟಿ ಬೀಜ ಇದೆ. ಪೂರ್ತಿ ಕೆಂಪು, ಕಪ್ಪು ಚುಕ್ಕೆ ಇರುವುದಿಲ್ಲ, ಆಕಾರ ಸ್ವಲ್ಪ ಚಪ್ಪಟೆ. ದೊಡ್ಡವರ ಸರಕ್ಕೆ ನಾನು ಅದನ್ನು ಬಳಸುತ್ತೇನೆ. ಪುಟ್ಟ ಮಕ್ಕಳಿಗೆ ಅದೂ ಬೇಡ. ಯಾವ ಮಣಿಯಾದರೂ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೊಮ್ಮಗಳಿಗೆ ಬೆಳ್ಳಿಯ ಕಾಲ್ಗೆಜ್ಜೆ ಮಾಡಿಸಿ.

ಇನ್ನೊಂದು ಮಾತು. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿಂದ ಬೀಜ, ಬಳ್ಳಿ, ಬೇರು ಯಾವುದನ್ನೂ ಅನುಮತಿಯಿಲ್ಲದೆ ತರುವಂತಿಲ್ಲ. ಆ ಗುಡ್ಡದ ಔಷಧಿ ಸಸ್ಯಗಳಿಗಾಗಿ, ಗಣಿಗಾರಿಕೆಯಿಂದ ಅದನ್ನು ಉಳಿಸಿಕೊಳ್ಳುವುದಕ್ಕಾಗಿ ಗದಗ ಸೀಮೆಯ ಜನ ಬೀದಿಗಿಳಿದು ಹೋರಾಡಿದ್ದಾರೆ. ನಿಸರ್ಗದ ಹೆಸರಿನಲ್ಲಿ ಒಡವೆ ಮಾಡುವ ನಮ್ಮಂಥವರು ಅಲ್ಲಿಂದ ಚೀಲ ತುಂಬಿಕೊಂಡು ಬಂದರೆ ಆ ಜನರ ಮುಖ ನೋಡುವುದು ಹೇಗೆ? ನಾನು ಗುಡ್ಡಕ್ಕೆ ಹೋದರೆ ಚಿತ್ರ ಬರೆದುಕೊಂಡು ಬರುತ್ತೇನೆ.

ಪ್ರಶ್ನೆ: ಅಜ್ಜನ ಕಾಲದ ಹುಲಿ ಉಗುರಿನ ಪದಕದ ಕಟ್ಟು ಸಡಿಲವಾಗಿದೆ. ಹೊಸ ಬೆಳ್ಳಿ ಕಟ್ಟು ಹಾಕಿ ಕೊಡುತ್ತೀರಾ?
– ಹಾನಗಲ್

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಅಜ್ಜನದ್ದಾದರೂ ಸರಿ. 2023ರಲ್ಲಿ ಹುಲಿ ಉಗುರಿನ ಪದಕಗಳ ವಿಷಯ ರಾಜ್ಯದಲ್ಲೆಲ್ಲ ಸುದ್ದಿಯಾದದ್ದು ನಿಮಗೂ ನೆನಪಿರಬಹುದು. ಪ್ರಮಾಣಪತ್ರ ಇಲ್ಲದಿದ್ದರೆ ವಕೀಲರೊಬ್ಬರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿ. ಬೆಳ್ಳಿಯಲ್ಲಿ ಉಗುರಿನ ನಕಲು ಮಾಡಿಕೊಡಿ ಎಂದೂ ಕೆಲವರು ಕೇಳುತ್ತಾರೆ. ಅದನ್ನೂ ನಾನು ಮಾಡುವುದಿಲ್ಲ. ನಕಲಿಗೆ ಬೆಲೆ ಬಂದರೆ ಅಸಲಿಗೂ ಆಸೆ ಹುಟ್ಟುತ್ತದೆ.

ಪ್ರಶ್ನೆ: ನಮ್ಮೂರ ಮೆಣಸಿನಕಾಯಿಯನ್ನು ಒಡವೆ ಮಾಡಬಹುದೇ? ಮನೆಯಲ್ಲಿ ಹೇಳಿದರೆ ನಕ್ಕರು.
– ಬ್ಯಾಡಗಿ

ನಗುವವರು ನಗಲಿ. ಬ್ಯಾಡಗಿ ಮೆಣಸಿನಕಾಯಿಯಷ್ಟು ಸುಂದರವಾದ ವಸ್ತು ಹಾವೇರಿ ಜಿಲ್ಲೆಯಲ್ಲಿ ಮತ್ತೊಂದಿಲ್ಲ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಜಗತ್ತು ಅದನ್ನು ಬಣ್ಣಕ್ಕಾಗಿ ಕೊಳ್ಳುತ್ತದೆ, ಖಾರ ಕಡಿಮೆ, ಕೆಂಪು ಗಾಢ. ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ನಾನು ನೋಡುವುದು ಅದರ ಸುಕ್ಕನ್ನು. ‘ಕಡ್ಡಿ’ ಎಂಬ ಉದ್ದನೆಯ ತಳಿಯ ಕಾಯಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ. ತೊಟ್ಟಿನಿಂದ ತುದಿಯವರೆಗೆ ಒಂದು ಮಡಿಕೆ ಇನ್ನೊಂದಕ್ಕೆ ಸೇರಿ, ಮತ್ತೆ ಒಡೆದು, ಓರೆಯಾಗಿ ಇಳಿಯುತ್ತದೆ. ಯಾವ ಎರಡು ಕಾಯಿಯ ಸುಕ್ಕೂ ಒಂದೇ ಅಲ್ಲ. ಇದನ್ನು ಕೈಯಿಂದ ಕೆತ್ತಲು ಹೊರಟರೆ ಸುಳ್ಳಾಗಿ ಕಾಣುತ್ತದೆ, ಕೆತ್ತುವ ಕೈಗೆ ಒಂದೇ ಲಯ ಬಂದುಬಿಡುತ್ತದೆ. ಒಣಗಿದ ಚಿಕ್ಕ ಕಾಯಿಯನ್ನು ಆರಿಸಿ ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ಮೇಣ ಹೊಯ್ದು, ಆ ಮೇಣದ ಕಾಯಿಯಿಂದ ಬೆಳ್ಳಿಯ ಎರಕ ಮಾಡಬೇಕು. ಒಳಗೆ ಟೊಳ್ಳು ಇರಲಿ, ಇಲ್ಲದಿದ್ದರೆ ಕಿವಿ ಜೋತುಬೀಳುತ್ತದೆ.

ಕೆಂಪು ಬಣ್ಣ ಹಚ್ಚಬೇಡಿ ಎಂಬುದು ನನ್ನ ಅಭಿಪ್ರಾಯ. ಎರಕವನ್ನು ಗಂಧಕದ ದ್ರಾವಣದಲ್ಲಿ ಮುಳುಗಿಸಿ ಕಪ್ಪು ಮಾಡಿ, ಮೇಲ್ಭಾಗವನ್ನಷ್ಟೇ ಉಜ್ಜಿ ಒಪ್ಪ ಕೊಡಿ. ಕಪ್ಪು ಸುಕ್ಕಿನ ತಳದಲ್ಲಿ ನಿಲ್ಲುತ್ತದೆ, ಏಣು ಬೆಳಗುತ್ತದೆ. ಬಣ್ಣವಿಲ್ಲದೆಯೂ ಅದು ಬ್ಯಾಡಗಿಯದೇ ಎಂದು ನಿಮ್ಮೂರ ಹಮಾಲರು ಗುರುತಿಸಬೇಕು, ಅಷ್ಟು ಆದರೆ ಕೆಲಸ ಗೆದ್ದಂತೆ. ಏಲಕ್ಕಿಯನ್ನು ಪೋಣಿಸಿ ಹಾರ ಮಾಡಿ ಹೆಸರು ಗಳಿಸಿದ ಹಾವೇರಿ ನಿಮ್ಮ ಪಕ್ಕದಲ್ಲೇ ಇದೆ. ಅಡುಗೆಮನೆಯ ಕಾಯಿ ಕೊರಳಿಗೆ ಬರುವುದು ನಿಮ್ಮ ಸೀಮೆಗೆ ಹೊಸದೇನಲ್ಲ ಎಂದು ಮನೆಯವರಿಗೆ ಹೇಳಿ.

ಪ್ರಶ್ನೆ: ಬೆಳ್ಳಿ ಕಪ್ಪಾಗುವುದೇಕೆ? ಮನೆಯಲ್ಲಿ ತೊಳೆಯುವುದು ಹೇಗೆ?
– ಗದಗ, ಲಕ್ಷ್ಮೇಶ್ವರ ಮತ್ತು ಧಾರವಾಡದ ಹಲವು ಓದುಗರು

ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ಕಪ್ಪಾಗುತ್ತದೆ. ಗಾಜಿನ ಬಟ್ಟಲಿನ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದರ ಮೇಲೆ ಒಡವೆ ಇಟ್ಟು, ಒಂದು ಚಮಚ ಅಡುಗೆ ಸೋಡಾ ಉದುರಿಸಿ ಕುದಿನೀರು ಹೊಯ್ಯಿರಿ. ಗಂಧಕ ಅಲ್ಯೂಮಿನಿಯಂಗೆ ಹೋಗಿ ಬೆಳ್ಳಿ ಬೆಳ್ಳಗಾಗುತ್ತದೆ. ಮುತ್ತು, ಹವಳ, ಅಂಟಿಸಿದ ಹರಳು ಇರುವ ಒಡವೆಗೆ ಇದನ್ನು ಮಾಡಬೇಡಿ. ಬೇಕೆಂದೇ ಕಪ್ಪು ಮಾಡಿದ ಕೆಲಸಕ್ಕಂತೂ ಬೇಡವೇ ಬೇಡ, ಸುಕ್ಕಿನೊಳಗಿನ ಕಪ್ಪೆಲ್ಲ ಹೊರಟುಹೋಗುತ್ತದೆ. ಅವಕ್ಕೆ ಅಂಟುವಾಳದ ನೊರೆ, ಮೆತ್ತನೆಯ ಬ್ರಷ್ ಸಾಕು.

ಪ್ರಶ್ನೆ: ಮೇಡಂ, ಹೊಸ ವಿನ್ಯಾಸ ಎಲ್ಲಿಂದ ತರುತ್ತೀರಿ? ಮೊಬೈಲಿನಲ್ಲಿ ನೋಡಿದ್ದನ್ನೇ ಎಲ್ಲರೂ ಮಾಡುತ್ತಿದ್ದಾರೆ. ನನ್ನದೂ ಅದೇ ಆಗುತ್ತಿದೆ.
– ವಿದ್ಯಾಗಿರಿ, ಧಾರವಾಡ

ಮೊಬೈಲಿನ ಎಲೆಗೆ ಬೆನ್ನು ಇರುವುದಿಲ್ಲ. ನಿಮ್ಮ ಬೀದಿಯಲ್ಲಿ ಬಿದ್ದ ಅರಳಿ ಎಲೆಯನ್ನು ತಿರುಗಿಸಿ ನೋಡಿ. ಮುಂಭಾಗ ನುಣುಪು, ನರಗಳೆಲ್ಲ ಎದ್ದು ನಿಲ್ಲುವುದು ಹಿಂಬದಿಯಲ್ಲಿ. ಎಲೆಯ ಗುರುತನ್ನು ಬೆಳ್ಳಿಗೆ ಒತ್ತುವವರು ಆ ಬೆನ್ನನ್ನೇ ತಗಡಿಗೆ ತಾಗಿಸುತ್ತಾರೆ. ಅದಕ್ಕೂ ಮೊದಲು ತಗಡನ್ನು ಕಾಸಿ ಮೆತ್ತಗೆ ಮಾಡಿಕೊಳ್ಳಬೇಕು. ಬೆಳ್ಳಿ ಮಸುಕುಗೆಂಪಿಗೆ ತಿರುಗುವುದು ಹಗಲ ಬೆಳಕಿನಲ್ಲಿ ಕಾಣುವುದಿಲ್ಲವಾದ್ದರಿಂದ ನಾನು ಕಿಟಕಿ ಮುಚ್ಚಿ ಕಾಸುತ್ತೇನೆ. ಆರಿದ ತಗಡಿನ ಮೇಲೆ ಎಲೆ ಇಟ್ಟು ರೋಲರ್ ಯಂತ್ರದಲ್ಲಿ ಒಮ್ಮೆ ಹಾಯಿಸಿದರೆ ಸೂಕ್ಷ್ಮ ನರಗಳೂ ಮೂಡುತ್ತವೆ. ಅರಳಿ ಎಲೆಯನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿ ತಿರುಳು ಕೊಳೆತ ಮೇಲೆ ತೊಳೆದರೆ ಬರಿಯ ನರಗಳ ಜಾಲರಿ ಉಳಿಯುತ್ತದೆ. ಅದರ ಗುರುತು ಇನ್ನೂ ಸ್ಪಷ್ಟ.

ಕಲ್ಲಿನಲ್ಲಿ ನೋಡಬೇಕೆಂದರೆ ಲಕ್ಕುಂಡಿ ದೂರವಿಲ್ಲ. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಪಟ್ಟಿಗಳ ಮುಂದೆ ಒಂದು ಬೆಳಗು ಪೂರ್ತಿ ಕುಳಿತುಕೊಳ್ಳಿ. ಬಳ್ಳಿ ಎಲ್ಲಿ ಸುರುಳಿ ಸುತ್ತುತ್ತದೆ, ಸುರುಳಿಯ ನಡುವಿನ ಜಾಗವನ್ನು ಶಿಲ್ಪಿ ಹೇಗೆ ತುಂಬಿದ, ಎಲ್ಲಿ ಖಾಲಿ ಬಿಟ್ಟ ಎಂದು ಬರೆದುಕೊಳ್ಳಿ. ಫೋಟೊ ತೆಗೆಯಬೇಡಿ, ಪೆನ್ಸಿಲ್ ಹಿಡಿಯಿರಿ. ಕೈಯಿಂದ ಬರೆಯುವಾಗ ಮಾತ್ರ ಬಳ್ಳಿ ಯಾವ ಕಡೆಯಿಂದ ಹೊರಟಿತು ಎಂಬುದು ತಿಳಿಯುತ್ತದೆ. ಗದಗಿನ ತ್ರಿಕೂಟೇಶ್ವರದ ಸರಸ್ವತಿ ಗುಡಿಯ ಕಂಬಗಳನ್ನೂ ಅದೇ ದಿನ ನೋಡಿ ಬರಬಹುದು. ಅಲ್ಲಿಯ ಕೆಲಸ ಬೆಳ್ಳಿಯ ಮೇಲೆ ಮಾಡಿದಷ್ಟು ಸೂಕ್ಷ್ಮವಾಗಿದೆ.

ಪ್ರಶ್ನೆ: ನಾನೂ ಎಲೆ ಆಕಾರದ ಬೆಳ್ಳಿ ಓಲೆ ಮಾಡಿ ಮಾರುತ್ತೇನೆ. ಕೊಳ್ಳುವವರು ‘ಬೆಳ್ಳಿ ತೂಕಕ್ಕೆ ಇಷ್ಟೇ ಆಗುತ್ತದೆ, ನೀವು ಮೂರು ಪಟ್ಟು ಹೇಳುತ್ತೀರಿ’ ಎನ್ನುತ್ತಾರೆ. ಏನು ಉತ್ತರ ಕೊಡಲಿ?
– ಗೋಕುಲ ರಸ್ತೆ, ಹುಬ್ಬಳ್ಳಿ

ಬೆಲೆ ಇಳಿಸಬೇಡಿ. ಲೆಕ್ಕವನ್ನು ಬಿಡಿಸಿ ತೋರಿಸಿ. ನಾನು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಡುತ್ತೇನೆ: ಅಂದಿನ ದರದಲ್ಲಿ ಬೆಳ್ಳಿಯ ಬೆಲೆ; ಕೆಲಸದಲ್ಲಿ ಹೋದ ಸವಕಳಿ; ಗ್ಯಾಸು, ಬೆಸುಗೆಯ ಬಿಳಿಗಾರ, ಗರಗಸದ ಎಳೆಗಳ ಖರ್ಚು; ನನ್ನ ಮಜೂರಿ. ಮಜೂರಿಯನ್ನು ತೂಕಕ್ಕೆ ಕಟ್ಟಬೇಡಿ, ಗಂಟೆಗೆ ಕಟ್ಟಿ. ಎರಡು ಗ್ರಾಂನ ಓಲೆಗೆ ಹಿಡಿಯುವ ಹೊತ್ತು ಇಪ್ಪತ್ತು ಗ್ರಾಂನ ಕಡಗಕ್ಕಿಂತ ಹೆಚ್ಚಿರಬಹುದು, ತೂಕದ ಲೆಕ್ಕದಲ್ಲಿ ಅದು ಎಂದೂ ಕಾಣುವುದಿಲ್ಲ. ನಿಮ್ಮ ಗಂಟೆಯ ಬೆಲೆ ಎಷ್ಟೆಂದು ತಿಳಿಯದಿದ್ದರೆ, ನಿಮ್ಮೂರಿನ ಒಳ್ಳೆಯ ಟೇಲರ್ ಅಥವಾ ಬಡಗಿ ದಿನಕ್ಕೆ ಎಷ್ಟು ದುಡಿಯುತ್ತಾರೆ ಎಂದು ಕೇಳಿ. ಅದಕ್ಕಿಂತ ಕಡಿಮೆಗೆ ಕೂರಬೇಡಿ.

ಅರದ ಪುಡಿಯನ್ನು ಕಸಕ್ಕೆ ಹಾಕಬೇಡಿ. ತೊಡೆಯ ಮೇಲೆ ಚರ್ಮದ ಹಾಸು ಕಟ್ಟಿಕೊಂಡು ಕುಳಿತರೆ ಪುಡಿಯೆಲ್ಲ ಅಲ್ಲಿ ಉಳಿಯುತ್ತದೆ. ಹಿಂದೆ ಡೋಣಿ, ಸೊರಟೂರಿನ ಕಡೆಯ ಹಳ್ಳಗಳಲ್ಲಿ ಮರಳು ತೊಳೆದು ಬಂಗಾರದ ಕಣ ಹುಡುಕುತ್ತಿದ್ದ ಜಲಗಾರರಿದ್ದರು. ಕಣದ ಬೆಲೆ ಬಲ್ಲ ಸೀಮೆ ಇದು. ಪುಡಿ ಒಂದು ಹಿಡಿಯಾದಾಗ ಪತ್ತಾರರಲ್ಲಿ ಕರಗಿಸಿಕೊಳ್ಳಿ, ಸವಕಳಿಯ ಸಾಲು ಅಷ್ಟು ಇಳಿಯುತ್ತದೆ.

ಇಷ್ಟಾದರೂ ತೂಕದ ಮಾತನ್ನೇ ಆಡುವವರಿಗೆ ಸರಾಫ ಅಂಗಡಿಯ ದಾರಿ ತೋರಿಸಿ, ಸಿಟ್ಟಾಗಬೇಡಿ. ಅವರಿಗೆ ಬೇಕಾದದ್ದು ಬೆಳ್ಳಿ. ಮುರಿದರೆ ಸರಿಮಾಡಿಕೊಡುತ್ತೇನೆ, ಯಾವ ಗಿಡದ ಎಲೆ, ಯಾವ ಲೋಹ ಎಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ ಎಂದು ನೀವು ಹೇಳಿದಾಗ ಕುಳಿತು ಕೇಳುವವರು ಬೇರೆ ಇದ್ದಾರೆ. ನಿಮ್ಮ ಒಂದು ಓಲೆಯ ನಾಲ್ಕು ಸಾಲಿನ ಲೆಕ್ಕವನ್ನು ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಮಜೂರಿಯ ಸಾಲು ಸರಿಯಿದೆಯೇ ಎಂದು ನೋಡಿ ಹೇಳುತ್ತೇನೆ.